ಲೆಕ್ಕಕ್ಕೆ ಸಿಗದ ಒಂದು ಫೆಲ್ಟ್

ಕಿರ್ಗಿಸ್ತಾನದ ನಾರಿನ್ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಶಿರ್ದಾಕ್ (ಉಣ್ಣೆ ಒತ್ತಿ ಮಾಡಿದ ದಪ್ಪ ಫೆಲ್ಟ್‌ನ ನೆಲಹಾಸು) ಹೊಲಿಯುವ ಹೆಂಗಸರ ಜೊತೆ ಸ್ವಯಂಸೇವಕಿಯಾಗಿದ್ದೆ. ಆರ್ಡರ್, ಪ್ಯಾಕಿಂಗ್, ಡಿಸ್ಪ್ಯಾಚ್, ಸ್ಟಾಕ್ ರಿಜಿಸ್ಟರ್ ಎಲ್ಲಾ ನನ್ನ ಪಾಲಿಗೆ.

ಮಾರ್ಚ್ ಕ್ಲೋಸಿಂಗ್‌ನಲ್ಲಿ ಒಂದು ಫೆಲ್ಟ್ ಕಡಿಮೆ ಬಂತು. ಇಶ್ಯೂ ಆಗಿದ್ದು ಎರಡು, ಒಂದು ಕೆಂಪು, ಒಂದು ಕಪ್ಪು. ವಾಪಸ್ ಬಂದಿದ್ದು ಒಂದೇ ಶಿರ್ದಾಕ್. ಮೂರು ಸಲ ಕೂಡಿದರೂ ಅಷ್ಟೇ. ನನಗೆ ಆಗಲೇ ಸಿಟ್ಟಿತ್ತು. ವಸಂತದ ಹೊಸವರ್ಷ ನೂರೂಜ್‌ಗೆ ಎಲ್ಲರೂ ರಾತ್ರಿಯಿಡೀ ಸುಮೊಲೊಕ್ ಎಂಬ ಮೊಳಕೆ ಗೋಧಿಯ ಸಿಹಿ ಗಂಜಿ ತಿರುವಲು ಹೋಗಿ ಕೆಲಸ ನಿಂತಿತ್ತು. ಒಂದು ರಾತ್ರಿ ಹಿರಿಯ ಎಜೆಯ (ಎಜೆ ಅಂದರೆ ಅಕ್ಕ) ಮನೆಯಲ್ಲಿ ನಮ್ಮದೇ ಕಪ್ಪು ಫೆಲ್ಟ್ ಮೇಲೆ ನಾಲ್ಕು ಜನ ಬಾಗಿ ಹೊಲಿಯೋದನ್ನೂ ನೋಡಿದ್ದೆ.

ಚಹಾ ಹೊತ್ತಿಗೆ ಎಲ್ಲರ ಮುಂದೆ ಕೇಳಿಬಿಟ್ಟೆ. "ಎಜೆ, ಇನ್ನೊಂದು ಫೆಲ್ಟ್ ಯಾರ ಮನೆಗೆ ಹೋಯ್ತು?"

ಯಾರೂ ಮಾತಾಡಲಿಲ್ಲ. ಒಬ್ಬಳು ಚಹಾ ಬಟ್ಟಲನ್ನು ಕೆಳಗಿಟ್ಟಳು. ಇನ್ನೊಬ್ಬಳು ಹೊಲಿಯುತ್ತಿದ್ದ ಸೂಜಿಯನ್ನು ಉಣ್ಣೆಗೆ ಚುಚ್ಚಿ ಕೈ ಕಟ್ಟಿದಳು. ಆಡಿದ ಮಾತು ನನ್ನ ಕಿವಿಗೇ ಕೆಟ್ಟದಾಗಿ ಕೇಳಿಸಿತು. ಆದರೂ ರಿಜಿಸ್ಟರ್ ಮುಚ್ಚಲಿಲ್ಲ, ಬೆರಳು ಆ ಸಾಲಿನ ಮೇಲೇ ಇತ್ತು.

ಎಜೆ ಎದ್ದು ಎರಡು ತುಂಡು ಫೆಲ್ಟ್ ತಂದರು. ಕೆಂಪಿನ ಕೆಳಗೆ ಕಪ್ಪು. ಸೀಮೆಸುಣ್ಣದಲ್ಲಿ ಟಗರಿನ ಕೊಂಬು ಬರೆದು, ಎರಡನ್ನೂ ಸೇರಿಸಿ ಚಾಕುವಿನಲ್ಲಿ ಕೊಯ್ದರು. ಕಪ್ಪು ಕೊಂಬನ್ನು ಕೆಂಪಿನ ಕಿಂಡಿಗೆ ಕೂರಿಸಿದರು. ಉಳಿದ ಕೆಂಪು ಕೊಂಬು ಕಪ್ಪಿನ ಕಿಂಡಿಗೆ ಸರಿಯಾಗಿ ಕೂತಿತು. ನೆಲದ ಮೇಲೆ ಒಂದು ಚೂರೂ ಬಿದ್ದಿರಲಿಲ್ಲ.

"ಒಂದನ್ನೇ ಮಾಡೋಕಾಗಲ್ಲ ಮಗಳೇ. ಜೊತೆಗೆ ಇನ್ನೊಂದು ಹುಟ್ಟಿಯೇ ಹುಟ್ಟುತ್ತೆ."

ಆರ್ಡರ್ ಇದ್ದಿದ್ದು ಒಂದಕ್ಕೆ. ಅದರ ಜೋಡಿಯನ್ನು ಗುಂಪಿನ ಹುಡುಗಿಯೊಬ್ಬಳ ಮದುವೆಗೆ, ತವರಿನಿಂದ ಕೊಟ್ಟು ಕಳಿಸೋಕೆ ಹೊಲಿಯುತ್ತಿದ್ದರು. ಫೆಲ್ಟ್‌ನ ಹಣವನ್ನು ತಮ್ಮ ಕೂಲಿಯಲ್ಲಿ ಮುರಿದುಕೊಳ್ಳಿ ಎಂದು ಚೀಟಿಯನ್ನೂ ಕೊಟ್ಟಿದ್ದರು. ಅದು ನನ್ನ ಫೈಲ್‌ನಲ್ಲೇ ಇತ್ತು. ಕಿರ್ಗಿಜ್‌ನಲ್ಲಿದೆ, ಆಮೇಲೆ ಯಾರಿಂದಾದರೂ ಓದಿಸೋಣ ಎಂದು ಬದಿಗಿಟ್ಟಿದ್ದೆ.

ನಾಲ್ಕು ತಿಂಗಳಲ್ಲಿ ಒಂದು ದಿನವೂ ಕೊಯ್ಯುವ ಹೊತ್ತಿಗೆ ಅವರ ಪಕ್ಕ ಕೂತಿರಲಿಲ್ಲ. ಬೆಳಗ್ಗೆಯೆಲ್ಲಾ ಮೇಲ್‌ಗಳೇ ಆಗುತ್ತಿದ್ದವು. ಹೆಡ್ ಆಫೀಸ್ ಶೀಟ್ ಬೇರೆ. 2012ರಲ್ಲಿ ಯುನೆಸ್ಕೋ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು ಅಂತ ಪ್ರತಿ ಬ್ರೋಷರ್‌ನಲ್ಲೂ ಹಾಕುತ್ತೇವೆ. ಆದರೆ ಒಂದು ಸಲ ಕೊಯ್ದರೆ ಎರಡು ಶಿರ್ದಾಕ್ ಅನ್ನೋದಕ್ಕೆ ಶೀಟ್‌ನಲ್ಲಿ ಜಾಗವೇ ಇಲ್ಲ. ಕಾಲಂ ಕೇಳಿದೆ, ಕೊಡಲಿಲ್ಲ. ಕೈಯಲ್ಲೇ ಗೆರೆ ಎಳೆದು "ಜೋಡಿ" ಎಂದು ಬರೆಯಲು ಶುರು ಮಾಡಿದೆ.

ಕ್ಷಮೆ ಕೇಳಿದ್ದು ಮಾರನೇ ದಿನ, ಅದೂ ಎಲ್ಲರ ಮುಂದೆಯೇ. ಎಜೆ ಏನೂ ಹೇಳದೆ ಪಕ್ಕಕ್ಕೆ ಸರಿದು ಜಾಗ ಮಾಡಿ, ಕೈಗೆ ಸೂಜಿ ಕೊಟ್ಟರು. ಅಂಚಿನ ಹುರಿ ಹೊಲಿಯೋಕೆ ಇನ್ನೂ ಒಂದು ಮೊಳ ಬಾಕಿ ಇತ್ತು.

ಮದುವೆಯ ಔತಣ, ತೋಯ್‌ಗೆ ನನ್ನನ್ನೂ ಕರೆದುಕೊಂಡು ಹೋದರು. ಹುಡುಗಿಯ ಹಾಸಿಗೆ, ದಿಂಬುಗಳ ರಾಶಿಯ ಪಕ್ಕದಲ್ಲಿ ಅದನ್ನು ಹಾಸಿದ್ದರು, ಕಪ್ಪು ನೆಲ, ಕೆಂಪು ಕೊಂಬು. ಒಂದು ಕೊಂಬಿನ ತುದಿಯಲ್ಲಿ ಚಾಕು ಸ್ವಲ್ಪ ಜಾರಿತ್ತು. ಡಿಸ್ಪ್ಯಾಚ್ ಆದ ಶಿರ್ದಾಕ್‌ನಲ್ಲೂ ಅದೇ ಜಾಗದಲ್ಲಿ ಆ ಗುರುತಿತ್ತು. ಕ್ವಾಲಿಟಿ ಚೆಕ್‌ನಲ್ಲಿ ಅದನ್ನು ದೋಷ ಅಂತ ಬರೆದವಳು ನಾನೇ.