ನಾಕು ಮಂದಿ ಎತ್ತಿಕೊಂಡು ಹೋದ್ರ ಅದು ಗುಡ್ಡ ಹತ್ತಿದಂಗ ಹೆಂಗಾತು?

ಗಂಗಾವತಿಯಾಗ ವೀಲ್‌ಚೇರ್ ಹುಡುಗರಿಗೆ ಪ್ರಾಕ್ಟೀಸ್ ಮಾಡಸ್ತೀನಿ, ನಾನೂ ವೀಲ್‌ಚೇರ್‌ನ್ಯಾಗ ಇರಾವ. ಅಮೆರಿಕದ ಪ್ಯಾರಾಲಿಂಪಿಕ್ಸ್ ಆಟಗಾರ ಕ್ರಿಸ್ ವಾಡೆಲ್ 2009ರಾಗ ಆಫ್ರಿಕಾದ ಕಿಲಿಮಂಜಾರೊ ಗುಡ್ಡ ಹತ್ತಿದ ಕತಿ ಯಾರಿಗೆ ಹೇಳಿದ್ರೂ ಕಡೀಕೆ ಬರೋದು ಇದ ಪ್ರಶ್ನೆ, ಅಲ್ರಿ ಅಣ್ಣಾರ, ಮಂದಿ ಎತ್ತಿಕೊಂಡು ಹೋಗಿರ್ತಾರ, ಅದರಾಗ ಆತಂದೇನೈತಿ?

ಮೊದಲು ಆತಂದೇನೈತಿ ಅಂತ ಹೇಳ್ತೀನಿ. 1988ರಾಗ ಸ್ಕೀಯಿಂಗ್, ಅಂದ್ರ ಹಿಮದ ಮ್ಯಾಲೆ ಜಾರೋ ಆಟ, ಆಡುವಾಗ ವಾಡೆಲ್ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ ಆತನ ಕಾಲಿನ ಸ್ವಾಧೀನ ಹೋತು. ಕಿಲಿಮಂಜಾರೊ 5,895 ಮೀಟರ್ ಎತ್ತರ, ತುದ್ಯಾಗ ನಮಗಿಲ್ಲಿ ಸಿಗೋ ಆಕ್ಸಿಜನ್ ಹೆಚ್ಚುಕಡಿಮಿ ಅರ್ಧ. ನಮ್ಮಲ್ಲಿ ಸರ್ಕಾರ ಕೊಡೋ ಕೈಲೆ ತಿರುವೋ ಮೂರು ಗಾಲಿ ಸೈಕಲ್ ನೋಡಿರ್ತೀರಲ್ಲ, ಆತಂದೂ ಕೈಲೆ ತಿರುವೋದ, ಆದ್ರ ನಾಕು ಗಾಲಿ, ಗುಡ್ಡಕ್ಕಂತ ಮಾಡಿಸಿದ್ದು, ಗೇರ್ ಎಷ್ಟು ಲೋ ಅಂದ್ರ ಕೈ ಎಷ್ಟು ತಿರುವಿದ್ರೂ ಗಾಡಿ ಮುಂದಕ್ಕ ಹೋಗೋದು ಚೂರ ಚೂರ. ಕೆಳಗ ಜಲ್ಲಿ, ಸಡ್ಲ ಮಣ್ಣು, ಗಾಲಿ ಜಾರತಾವ. ನಡಿಯೋರಿಗೆ ಬಲ ತೊಡಿಯಾಗಿರ್ತೈತಿ, ನಮಗ ಎಲ್ಲಾ ಭುಜದಾಗ, ಭುಜ ಹೋತಂದ್ರ ಊರಿಗೆ ಬಂದ ಮ್ಯಾಲೆ ಹಾಸಿಗಿಯಿಂದ ಕುರ್ಚಿಗೆ ಬರೋದೂ ಆಗಂಗಿಲ್ಲ.

ಇನ್ನೊಂದು, ಇದು ಯಾರೂ ಕೇಳಂಗಿಲ್ಲ. ಬೆನ್ನುಹುರಿ ಪೆಟ್ಟಾದ ಭಾಳ ಮಂದಿಗೆ ಪೆಟ್ಟಿನ ಕೆಳಗ ಅರಿವು ಇರಂಗಿಲ್ಲ, ಇಲ್ಲಾ ಕಡಿಮಿ ಇರ್ತೈತಿ. ಬೂಟಿನ್ಯಾಗ ಕಾಲು ಹೆಪ್ಪುಗಟ್ಟಿದ್ರೂ ಗೊತ್ತಾಗಂಗಿಲ್ಲ, ಕುಂತಲ್ಲೇ ಕುಂತು ಚರ್ಮ ಕೊಳಿಯಾಕ ಹತ್ತಿದ್ರೂ ನೋವಾಗಂಗಿಲ್ಲ, ಆ ಹುಣ್ಣು ಒಮ್ಮೆ ಆದ್ರ ತಿಂಗಳಗಟ್ಟಲೆ ಮಲಗಬೇಕಾಗ್ತೈತಿ. ಆ ಭಾಗದಾಗ ಬೆವರೂ ಸರಿಯಾಗಿ ಬರಂಗಿಲ್ಲ, ಮೈ ತಣ್ಣಗಾಗಂಗಿಲ್ಲ, ಅದಕ್ಕ ನಮ್ಮ ರಾಯಚೂರು ಬಳ್ಳಾರಿ ಕಡೆ ಬ್ಯಾಸಗಿ ಬಿಸಿಲಾಗ ನನ್ನ ಹುಡುಗರಿಗೆ ಪ್ರಾಕ್ಟೀಸ್ ನಸುಕಿನ್ಯಾಗ ಮಾತ್ರ.

ಈಗ ಎತ್ತಿದ್ದರ ವಿಷಯ. ಹೌದು, ಎತ್ತಿದ್ರು. ಮ್ಯಾಲಿನ ಹಾದಿಯಾಗ ಒಂದು ಕಡೆ ದೊಡ್ಡ ದೊಡ್ಡ ಬಂಡಿಗಲ್ಲು, ಅಲ್ಲಿ ಗಾಲಿ ಹೋಗಂಗಿರಲಿಲ್ಲ, ಪೋರ್ಟರ್‌ಗಳು, ಅಂದ್ರ ಸಾಮಾನು ಹೊರೋ ಆಳುಗಳು, ಆತನ್ನ ಸ್ವಲ್ಪ ದೂರ ಹೊತ್ತರು. ಆತ ಅದನ್ನ ಮುಚ್ಚಿಡಲಿಲ್ಲ. ಆದ್ರ ಒಂದು ಮಾತು ಕೇಳ್ರಿ, ಕಿಲಿಮಂಜಾರೊಕ್ಕ ಎರಡೂ ಕಾಲು ಗಟ್ಟಿ ಇದ್ದವರೂ ಗೈಡ್ ಇಲ್ದ ಹೋಗಂಗಿಲ್ಲ, ಅವರ ಟೆಂಟ್, ನೀರು, ಅಡಿಗಿ ಸಾಮಾನು ಎಲ್ಲಾ ಅಲ್ಲಿನ ಪೋರ್ಟರ್‌ಗಳ ತಲಿ ಮ್ಯಾಲೆ ಬೆನ್ನಿನ ಮ್ಯಾಲೆ ಹೋಗ್ತೈತಿ. ಅವರಿಗೆ ಯಾರೂ ನೀ ಹತ್ತಿಲ್ಲ ಅನ್ನಂಗಿಲ್ಲ. ನಮ್ಮ ಅಂಜನಾದ್ರಿಗೆ 575 ಮೆಟ್ಲು, ಮೊಮ್ಮಗನ ಹೆಗಲು ಹಿಡಕೊಂಡು ಹತ್ತಿದ ಅಮ್ಮಗ ಹನುಮಪ್ಪನ ದರ್ಶನ ಅರ್ಧ ಆತು ಅಂತೀವೇನು? ವೀಲ್‌ಚೇರ್‌ನವನ ಲೆಕ್ಕದಾಗ ಮಾತ್ರ ಸಹಾಯ ಅಂದ್ರ ಕಡಿಮಿ ಆಗಿಬಿಡ್ತೈತಿ, ಇದು ನನಗ ಭಾಳ ನೋವಾಗೋ ಮಾತು.

ಅಷ್ಟು ಖರ್ಚು ಮಾಡಿ ಹತ್ತೋ ಬದ್ಲು ಆ ರೊಕ್ಕ ಬಡವರಿಗೆ ಕೊಡಬಾರದಾ ಅಂತಾನೂ ಕೇಳ್ತಾರ. ಇದು ಚಲೋ ಪ್ರಶ್ನೆ. ಎರಡೂ ಕಾಲಿಲ್ಲದ ಸ್ಪೆನ್ಸರ್ ವೆಸ್ಟ್ 2012ರಾಗ ಅದ ಗುಡ್ಡಾನ ಹೆಚ್ಚಿನ ಹಾದಿ ಕೈ ಊರಿಕೊಂಡ ಹತ್ತಿದ, ಅದರ ಹೆಸರಿನ್ಯಾಗ ಕೀನ್ಯಾದ ಕುಡಿಯೋ ನೀರಿಗೆ ಮಂದಿ ಕೊಟ್ಟ ರೊಕ್ಕ 5 ಲಕ್ಷ ಡಾಲರ್‌ಗಿಂತ ಜಾಸ್ತಿ ಕೂಡಿತು. ಮನ್ಯಾಗ ಕುಂತು ಕೇಳಿದ್ರ ಅಷ್ಟು ಬರ್ತಿತ್ತಾ? ನನಗೇನೋ ಅನಸಂಗಿಲ್ಲ. ಆದ್ರ ಯಾರಾದ್ರೂ ಇಂಥದ್ದಕ್ಕ ರೊಕ್ಕ ಕೇಳಿದ್ರ, ಪ್ರವಾಸದ ಖರ್ಚು ನಾವು ಕೊಟ್ಟಿದ್ದರಾಗ ತಗಿತೀರೋ ಬ್ಯಾರೆ ಹಾಕ್ತೀರೋ ಅಂತ ಕೇಳ್ರಿ, ಕೇಳೋದು ನಿಮ್ಮ ಹಕ್ಕು.

ಇನ್ನ ನೀವ ಎತ್ತೋ ಪ್ರಸಂಗ ಬಂದ್ರ, ನಮ್ಮ ಊರಾಗ ರ‍್ಯಾಂಪ್ ಇಲ್ಲದ ಆಫೀಸು ಬ್ಯಾಂಕು ಭಾಳ ಅದಾವ, ಬಂದ ಬರ್ತೈತಿ, ಮೊದಲು ಕುಂತವನ ಕೇಳ್ರಿ. ಕೈ ಇಡೋ ಹಿಡಿಕಿ ಹಿಡಿದು ಎತ್ತಬ್ಯಾಡ್ರಿ, ಎಷ್ಟೋ ಕುರ್ಚಿಗೆ ಅದು ಕಳಚಿ ಬರ್ತೈತಿ. ಫ್ರೇಮ್ ಹಿಡೀರಿ, ಬ್ರೇಕ್ ಹಾಕೈತೋ ಇಲ್ಲೋ ಕೇಳ್ರಿ, ಅವ ಹೂಂ ಅಂದ ಮ್ಯಾಲೆ ಎತ್ತರಿ.