ಕೋಲಾರದ ಗಣಿಗೆ ಬಂದವರ ತವರೂರು: ರೆಡ್ರೂತ್‌ಗೆ ಹೊರಡುವ ಮುನ್ನ

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್‌ಗೆ ಹೋಗುವ ಪ್ರವಾಸಿಗಳಲ್ಲಿ ಹೆಚ್ಚಿನವರು ಸೇಂಟ್ ಐವ್ಸ್ ಅಥವಾ ಪೆನ್‌ಜಾನ್ಸ್‌ನ ಕಡಲತೀರವನ್ನು ಹುಡುಕಿಕೊಂಡು ಹೋಗುತ್ತಾರೆಯೇ ಹೊರತು ದಾರಿಯಲ್ಲಿ ಸಿಗುವ ರೆಡ್ರೂತ್‌ನಲ್ಲಿ ಇಳಿಯುವುದಿಲ್ಲ. ಆದರೆ ನಮ್ಮ ಹಾಗೆ ಕೆ.ಜಿ.ಎಫ್.ನೊಂದಿಗೆ ಮನೆತನದ ನಂಟಿರುವವರಿಗೆ ಆ ದೇಶದಲ್ಲಿ ಇದಕ್ಕಿಂತ ಹತ್ತಿರದ ಊರು ಇನ್ನೊಂದಿರಲಾರದು. ನನ್ನ ತಾತ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದಲ್ಲಿದ್ದರು. ಅವರ ಮಾತಿನಲ್ಲಿ ಬರುತ್ತಿದ್ದ ಕ್ಯಾಪ್ಟನ್ (ಗಣಿಯ ಮೇಲ್ವಿಚಾರಕ), ಶಾಫ್ಟ್ (ಗಣಿಗೆ ಇಳಿಯುವ ಬಾವಿ), ಲೋಡ್ (ಬಂಡೆಯೊಳಗಿನ ಅದಿರಿನ ಎಳೆ), ಸ್ಟಾಂಪ್ ಮಿಲ್ಲು (ಅದಿರು ಕುಟ್ಟುವ ಯಂತ್ರಶಾಲೆ) ಎಂಬ ಮಾತುಗಳೆಲ್ಲ ಇಲ್ಲಿಂದಲೇ ಕೋಲಾರಕ್ಕೆ ಬಂದವು. ಈ ಪ್ರವಾಸವನ್ನು ಯೋಚಿಸುತ್ತಿರುವ ಇತರ ಕುಟುಂಬಗಳಿಗೆ ಅನುಕೂಲವಾಗಲೆಂದು ನಾವು ಕಂಡದ್ದನ್ನೂ ತಿಳಿದುಕೊಂಡದ್ದನ್ನೂ ಇಲ್ಲಿ ಬರೆದಿದ್ದೇನೆ.

ಮೊದಲಿಗೆ ಈ ಎರಡು ಊರುಗಳ ಸಂಬಂಧವನ್ನು ತಿಳಿದುಕೊಂಡು ಹೋಗುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರೆಡ್ರೂತ್, ಕ್ಯಾಂಬೋರ್ನ್ ಮತ್ತು ಗ್ವೆನಪ್ ಸುತ್ತಮುತ್ತಲ ತಾಮ್ರದ ಗಣಿಗಳು ಜಗತ್ತಿನಲ್ಲೇ ಹೆಸರು ಮಾಡಿದ್ದವು. 1819ರಲ್ಲಿ ಗ್ವೆನಪ್‌ನ ಕನ್ಸಾಲಿಡೇಟೆಡ್ ಗಣಿಗಳನ್ನು ಮತ್ತೆ ತೆರೆದು ಲಾಭಕ್ಕೆ ತಂದವರು ಜಾನ್ ಟೇಲರ್. ಅವರ ಹೆಸರಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯೇ 1880ರಲ್ಲಿ ಕೋಲಾರಕ್ಕೆ ಕಾಲಿಟ್ಟು, ಮುಂದೆ 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಳ್ಳುವವರೆಗೆ ಅಲ್ಲಿನ ಆಡಳಿತ ನಡೆಸಿತು. ಸಂಸ್ಥೆ ಕೋಲಾರಕ್ಕೆ ಬರುವ ಮೊದಲೇ ಕಾರ್ನ್‌ವಾಲ್‌ನಲ್ಲಿ 1866ರ ಹೊತ್ತಿಗೆ ತಾಮ್ರದ ಬೆಲೆ ಕುಸಿದು, ಆಮೇಲೆ ತವರದ ಬೆಲೆಯೂ ಪದೇಪದೇ ಬಿದ್ದು, ಗಣಿ ಕಾರ್ಮಿಕರು ಆಸ್ಟ್ರೇಲಿಯಾ, ಅಮೆರಿಕ, ದಕ್ಷಿಣ ಆಫ್ರಿಕಾಗಳಿಗೆ ಗುಂಪುಗುಂಪಾಗಿ ವಲಸೆ ಹೋಗುತ್ತಿದ್ದರು. ಕೋಲಾರಕ್ಕೆ ಬಂದವರು ಆ ದೊಡ್ಡ ವಲಸೆಯ ಒಂದು ಸಣ್ಣ ಕವಲು.

ಲಂಡನ್‌ನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೆಡ್ರೂತ್‌ಗೆ ನೇರ ರೈಲಿದ್ದು, ಪ್ರಯಾಣಕ್ಕೆ ಸುಮಾರು ಐದು ಗಂಟೆ ಹಿಡಿಯುತ್ತದೆ. ಟಿಕೆಟನ್ನು ಕೆಲವು ವಾರ ಮೊದಲೇ ಕಾದಿರಿಸಿದರೆ ದರ ಬಹಳ ಕಡಿಮೆಯಾಗುತ್ತದೆ. ರಾತ್ರಿ ಮಲಗಿ ಪ್ರಯಾಣಿಸುವ ನೈಟ್ ರಿವಿಯೆರಾ ರೈಲೂ ಇಲ್ಲಿ ನಿಲ್ಲುತ್ತದೆಯಾದರೂ ಹಗಲಿನ ರೈಲನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ಹೋಗುವಾಗ ಎಡಗಡೆಯ ಕಿಟಕಿಯ ಪಕ್ಕ ಕುಳಿತರೆ ಡಾಲಿಶ್ ಬಳಿ ಕಡಲು ಹಳಿಗೆ ತಾಗಿಕೊಂಡೇ ಕಾಣುತ್ತದೆ. ಪ್ಲಿಮತ್ ದಾಟಿದ ಮೇಲೆ 1859ರಲ್ಲಿ ಬ್ರೂನೆಲ್ ಕಟ್ಟಿದ ರಾಯಲ್ ಆಲ್ಬರ್ಟ್ ಸೇತುವೆಯ ಮೇಲೆ ರೈಲು ನಿಧಾನವಾಗಿ ಸಾಗಿ ಕಾರ್ನ್‌ವಾಲ್ ಪ್ರವೇಶಿಸುತ್ತದೆ. ವಾರಾಂತ್ಯಗಳಲ್ಲಿ ಹಳಿ ದುರಸ್ತಿಯ ಕಾರಣದಿಂದ ಒಂದಿಷ್ಟು ದೂರ ಬಸ್ಸಿನಲ್ಲಿ ಕಳಿಸುವುದುಂಟು. ಆದ್ದರಿಂದ ವಯಸ್ಸಾದವರು ಜೊತೆಗಿದ್ದರೆ ವಾರದ ನಡುವೆ ಹೊರಡುವುದು ಕ್ಷೇಮ.

ಕಾಲದ ಆಯ್ಕೆಯೂ ಮುಖ್ಯ. ಗಣಿ ವಸ್ತುಸಂಗ್ರಹಾಲಯಗಳಲ್ಲಿ ಹಲವು ಚಳಿಗಾಲದಲ್ಲಿ ಮುಚ್ಚಿರುತ್ತವೆ ಮತ್ತು ತೆರೆದಿರುವ ತಿಂಗಳುಗಳಲ್ಲೂ ವಾರದ ಎಲ್ಲ ದಿನ ಬಾಗಿಲು ತೆಗೆಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳ ರಜೆಯಿಂದಾಗಿ ವಸತಿಯ ದರ ಏರುವುದರಿಂದ ಮೇ ಅಥವಾ ಸೆಪ್ಟೆಂಬರ್ ಉತ್ತಮ. ನೋಡಬೇಕಾದ ಎಲ್ಲ ಸ್ಥಳಗಳ ದಿನ, ವೇಳೆಯನ್ನು ಮೊದಲು ಪಟ್ಟಿ ಮಾಡಿಕೊಂಡು, ಆಮೇಲೆ ರೈಲು, ವಸತಿ ಗೊತ್ತುಮಾಡಿದರೆ ಮುಚ್ಚಿದ ಬಾಗಿಲ ಮುಂದೆ ನಿಲ್ಲುವ ಪ್ರಮೇಯ ಬರುವುದಿಲ್ಲ. ಬೇಸಿಗೆಯಲ್ಲೂ ಗಾಳಿ ಮಳೆ ಇರುತ್ತದೆ. ಕೊಡೆ ಆ ಗಾಳಿಗೆ ನಿಲ್ಲದ ಕಾರಣ ಮಳೆಯಂಗಿಯನ್ನೇ ಒಯ್ಯಬೇಕು. ಸಸ್ಯಾಹಾರಿಗಳು ಚಿಂತಿಸಬೇಕಾಗಿಲ್ಲ, ಗಣಿ ಕಾರ್ಮಿಕರ ಬುತ್ತಿಯೂಟವಾಗಿದ್ದ, ಹಿಟ್ಟಿನ ಹೊದಿಕೆಯೊಳಗೆ ಹೂರಣ ತುಂಬಿ ಬೇಯಿಸಿದ ಪೇಸ್ಟಿ ಈಗ ಚೀಸ್ ಮತ್ತು ಈರುಳ್ಳಿ ತುಂಬಿದ್ದೂ ಬೇಕರಿಗಳಲ್ಲಿ ಸಿಗುತ್ತದೆ. ಒಂದು ತಿಂದರೆ ಮಧ್ಯಾಹ್ನದ ಊಟ ಮುಗಿದಂತೆ.

ಊರಿನ ಮುಖ್ಯ ಬೀದಿ ಫೋರ್ ಸ್ಟ್ರೀಟ್ ಇಳಿಜಾರಿನಲ್ಲಿದೆ. ಅಲ್ಲಿ ತವರದ ಗಣಿಗಾರನ ಪ್ರತಿಮೆ ನಿಂತಿದೆ, ಸಮೀಪದ ಕ್ರಾಸ್ ಸ್ಟ್ರೀಟಿನಲ್ಲಿ ವಿಲಿಯಂ ಮರ್ಡಾಕ್ 1792ರಲ್ಲಿ ಕಲ್ಲಿದ್ದಲ ಅನಿಲದಿಂದ ದೀಪ ಉರಿಸಿದ ಮನೆಯಿದೆ. ಇವೆರಡನ್ನೂ ಬೇಗನೆ ನೋಡಿ ಮುಗಿಸಬಹುದು. ನಾವು ಹೆಚ್ಚು ಹೊತ್ತು ಕಳೆದದ್ದು ಹಿಂಬದಿಯ ಬೀದಿಗಳಲ್ಲಿ, ಗ್ರಾನೈಟ್ ಕಲ್ಲಿನ ಸಾಲುಮನೆಗಳ ಮುಂದೆ. ಬಾಗಿಲು ನೇರವಾಗಿ ಬೀದಿಗೇ ತೆರೆಯುವ, ಅಂಗಳವಿಲ್ಲದ, ಗೋಡೆಗೆ ಗೋಡೆ ತಾಗಿದ ಪುಟ್ಟ ಮನೆಗಳವು. ಇಂಥ ಮನೆಗಳಿಂದ ಹೊರಟವರು ಕೋಲಾರದಲ್ಲಿ ತೋಟ, ಜಗಲಿ, ಅಡುಗೆಯವರು, ಆಳುಗಳಿದ್ದ ಬಂಗಲೆಗಳಲ್ಲಿ ದೊರೆಗಳಾಗಿ ಬಾಳಿದರು. ಅದೇ ಹೊತ್ತಿಗೆ ಅವರ ಕೈಕೆಳಗೆ ದುಡಿದ ತಮಿಳು, ತೆಲುಗು, ಕನ್ನಡದ ಕುಟುಂಬಗಳು ಲೈನ್ ಮನೆಗಳ, ಅಂದರೆ ಸಾಲಾಗಿ ಕಟ್ಟಿದ ಕಾರ್ಮಿಕರ ಮನೆಗಳ, ಒಂದೊಂದು ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದವು. ಬಡತನದಿಂದ ಪಾರಾಗಲು ಬಂದವರು ಇನ್ನೊಂದು ಬಡತನದ ಮೇಲ್ವಿಚಾರಕರಾದರು ಎಂಬುದು ಆ ಬೀದಿಯಲ್ಲಿ ನಿಂತಾಗ ನನಗೆ ಸ್ಪಷ್ಟವಾಯಿತು. ಅವರ ಮೇಲಿನ ಗೌರವ ಅದರಿಂದ ಕಡಿಮೆಯಾಗಲಿಲ್ಲ, ಆದರೆ ಮನೆಯಲ್ಲಿ ಕೇಳಿದ ಕಥೆಗಳಿಗೆ ಇನ್ನೊಂದು ಬದಿಯೂ ಸೇರಿಕೊಂಡಿತು.

ರೆಡ್ರೂತ್ ಮತ್ತು ಕ್ಯಾಂಬೋರ್ನ್ ನಡುವಿನ ಪೂಲ್ ಎಂಬಲ್ಲಿರುವ ಈಸ್ಟ್ ಪೂಲ್ ಗಣಿಯನ್ನು ತಪ್ಪಿಸಬಾರದು. ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುತ್ತಿರುವ ಇಲ್ಲಿನ ಟೇಲರ್ಸ್ ಶಾಫ್ಟ್ ಮೇಲೆ, ಹೇಯ್ಲ್ ಊರಿನ ಹಾರ್ವಿ ಕಾರ್ಖಾನೆ 1892ರಲ್ಲಿ ತಯಾರಿಸಿದ, 90 ಅಂಗುಲ ವ್ಯಾಸದ ಸಿಲಿಂಡರಿನ ಉಗಿ ಎಂಜಿನ್ ಇದೆ. ಗಣಿಯ ನೀರನ್ನು ಮೇಲೆತ್ತುತ್ತಿದ್ದ ಇದು 1954ರವರೆಗೂ ದುಡಿಯಿತು. ಅದಕ್ಕಿಂತಲೂ ನನಗೆ ಆಪ್ತವಾದದ್ದು ಕ್ಯಾಂಬೋರ್ನ್ ಬಳಿಯ ಟ್ರೂನ್ ಹಳ್ಳಿಯಲ್ಲಿರುವ ಕಿಂಗ್ ಎಡ್ವರ್ಡ್ ಗಣಿ. ಕ್ಯಾಂಬೋರ್ನ್ ಗಣಿ ಶಾಲೆಯ ವಿದ್ಯಾರ್ಥಿಗಳ ತರಬೇತಿಗೆಂದು 1897ರಿಂದ ಬಳಸಿದ ಗಣಿಯಿದು. ಅದಿರು ಕುಟ್ಟುವ ಸ್ಟಾಂಪ್ ಯಂತ್ರವನ್ನು ಇಲ್ಲಿ ಹತ್ತಿರದಿಂದ ನೋಡಬಹುದು. ತಿರುಗುವ ದಂಡಕ್ಕೆ ಜೋಡಿಸಿದ ಉಬ್ಬುಗಳು ಸಾಲಾಗಿ ನಿಂತ ಕಬ್ಬಿಣದ ಒನಕೆಗಳನ್ನು ಒಂದಾದ ಮೇಲೊಂದರಂತೆ ಎತ್ತಿ ಬಿಡುತ್ತವೆ, ಕೆಳಗೆ ಪೆಟ್ಟಿಗೆಯಲ್ಲಿ ನೀರಿನೊಂದಿಗೆ ಅದಿರು ನುಗ್ಗಾಗಿ ಜಾಲರಿಯ ಮೂಲಕ ಹೊರಗೆ ಹರಿಯುತ್ತದೆ. ಕೆ.ಜಿ.ಎಫ್.ನ ಮಿಲ್ಲುಗಳಲ್ಲೂ ಚಿನ್ನದ ಕಲ್ಲನ್ನು ಇದೇ ಬಗೆಯ ಯಂತ್ರಗಳು ಕುಟ್ಟುತ್ತಿದ್ದವು. ರಾತ್ರಿಯಿಡೀ ಆ ಸದ್ದು ಕೇಳುತ್ತಿತ್ತೆಂದೂ ಅದು ನಿಂತರೆ ನಿದ್ದೆಯಿಂದ ಎಚ್ಚರವಾಗುತ್ತಿತ್ತೆಂದೂ ಅಜ್ಜಿ ಹೇಳುತ್ತಿದ್ದರು. ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿರುವ ಗಟ್ಟಿ ಟೋಪಿಗಳ ಮುಂಭಾಗವನ್ನೂ ಗಮನಿಸಿ. ಜೇಡಿಮಣ್ಣಿನ ಮುದ್ದೆಯಿಂದ ಅಂಟಿಸಿದ ಮೇಣದ ಬತ್ತಿಯೊಂದೇ ಗಣಿಯ ಕತ್ತಲಲ್ಲಿ ಅವರಿಗಿದ್ದ ಬೆಳಕು, ಆ ಬತ್ತಿಯ ಖರ್ಚೂ ಕಾರ್ಮಿಕನದೇ ಆಗಿತ್ತು.

ಗ್ವೆನಪ್ ಪಿಟ್ ರೆಡ್ರೂತ್‌ನಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿದೆ. ಗಣಿಯ ಕುಸಿತದಿಂದ ಉಂಟಾದದ್ದೆಂದು ಹೇಳಲಾಗುವ, ಹುಲ್ಲು ಹೊದ್ದ ಮೆಟ್ಟಿಲುಗಳ ಈ ವೃತ್ತಾಕಾರದ ತಗ್ಗಿನಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ 1762ರಿಂದ 1789ರ ನಡುವೆ 18 ಬಾರಿ ಉಪದೇಶ ಮಾಡಿದರು. ಕಾರ್ನ್‌ವಾಲ್‌ನ ಗಣಿ ಕಾರ್ಮಿಕರ ಧರ್ಮಶ್ರದ್ಧೆ, ಸಾಮೂಹಿಕ ಗಾಯನದ ಪ್ರೀತಿ ಎಲ್ಲಿಂದ ಬಂತೆಂದು ತಿಳಿಯಬೇಕಾದವರು ಇಲ್ಲಿಗೆ ಹೋಗಬೇಕು.

ನಡೆಯುವ ಶಕ್ತಿ ಇರುವವರು ಕಾರ್ನ್ ಬ್ರೇ ಗುಡ್ಡ ಹತ್ತಲಿ. 1836ರಲ್ಲಿ ನಿಲ್ಲಿಸಿದ ಬ್ಯಾಸೆಟ್ ಸ್ಮಾರಕದ ಬುಡದಿಂದ, ಬಯಲಿನ ಉದ್ದಕ್ಕೂ ಚಿಮಣಿ ಸಮೇತ ನಿಂತಿರುವ ಪಾಳು ಎಂಜಿನ್ ಮನೆಗಳು ಕಾಣುತ್ತವೆ. 2006ರಲ್ಲಿ ಯುನೆಸ್ಕೊ ಈ ಇಡೀ ಗಣಿ ಭೂದೃಶ್ಯವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಗಳ ಶಾಫ್ಟ್‌ಗಳಿಗೂ ಮಿಲ್ಲುಗಳಿಗೂ ಇಂಥ ಆರೈಕೆ ಸಿಗಬಾರದೇಕೆ ಎಂಬ ಪ್ರಶ್ನೆ ಅಲ್ಲಿ ನಿಂತಷ್ಟು ಹೊತ್ತೂ ನನ್ನನ್ನು ಬಿಡಲಿಲ್ಲ. ಗುಡ್ಡದ ಸುತ್ತ ಗುರುತು ಹಾಕಿದ ದಾರಿ ಬಿಟ್ಟು ಪೊದೆಗಳೊಳಗೆ ಇಳಿಯಬೇಡಿ, ಹಳೆಯ ಶಾಫ್ಟ್‌ಗಳು ಇನ್ನೂ ಇವೆ. ಮಕ್ಕಳಿದ್ದರೆ ಕೈ ಹಿಡಿದೇ ನಡೆಸಬೇಕು.

ಹಿರಿಯರ ಹೆಸರು ಹುಡುಕಲು ಹೋಗುವವರಿಗೆ ಮುಖ್ಯವಾದ ಸ್ಥಳ ಕ್ರೇಸನ್ ಕೆರ್ನೋ. ಊರಿನ ಹಳೆಯ ಮದ್ಯ ತಯಾರಿಕೆಯ ಕಟ್ಟಡವನ್ನು ನವೀಕರಿಸಿ 2019ರಲ್ಲಿ ತೆರೆದ ಈ ದಾಖಲೆ ಸಂಗ್ರಹಾಲಯದಲ್ಲಿ ಗಣಿ ನಕ್ಷೆಗಳು, ಚರ್ಚುಗಳ ದಾಖಲೆ ಪುಸ್ತಕಗಳು, ಕುಟುಂಬಗಳ ಕಾಗದಪತ್ರಗಳು ಇವೆ. ಪ್ರವೇಶಕ್ಕೆ ಶುಲ್ಕವಿಲ್ಲ. ಮೂಲ ದಾಖಲೆ ನೋಡಬೇಕಾದರೆ ಗುರುತಿನ ಚೀಟಿಯೊಂದಿಗೆ ನೋಂದಾಯಿಸಿಕೊಂಡು, ಬೇಕಾದ ದಾಖಲೆಗಳನ್ನು ಅವರ ಜಾಲತಾಣದ ಸೂಚಿಯಲ್ಲಿ ಹುಡುಕಿ ಮೊದಲೇ ತಿಳಿಸಿರಬೇಕು. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ: ಆಂಗ್ಲೋ ಇಂಡಿಯನ್ ಅಥವಾ ಕಾರ್ನ್‌ವಾಲ್ ಮೂಲದ ಕುಟುಂಬಗಳಿಗೆ ಇಲ್ಲಿ ಹೆಸರು ಸಿಗುವ ಸಾಧ್ಯತೆ ಇದೆ, ಲೈನ್ ಮನೆಗಳಲ್ಲಿ ಬಾಳಿದ ನಮ್ಮಂಥವರ ಹಿರಿಯರ ಹೆಸರನ್ನು ಇಲ್ಲಿ ನಿರೀಕ್ಷಿಸುವಂತಿಲ್ಲ. ನಮಗೆ ಇಲ್ಲಿ ಸಿಗುವುದು ಅವರು ಮಾಡಿದ ಕೆಲಸದ ತಿಳಿವಳಿಕೆ, ಅದೂ ಸಣ್ಣದಲ್ಲ.

ಆದುದರಿಂದಲೇ ಹೊರಡುವ ಮುನ್ನ ಮನೆಯ ಹಿರಿಯರ ಬಳಿ ಕುಳಿತು ತಾತ ಮುತ್ತಾತಂದಿರು ಯಾವ ಗಣಿಯಲ್ಲಿ, ಯಾವ ಶಾಫ್ಟಿನಲ್ಲಿ, ಯಾವ ಕೆಲಸದಲ್ಲಿದ್ದರು, ಯಾವ ಕ್ಯಾಪ್ಟನ್ನನ ಹೆಸರು ಹೇಳುತ್ತಿದ್ದರು, ರಾಕ್‌ಬರ್ಸ್ಟ್ (ಗಣಿಯೊಳಗೆ ಬಂಡೆ ಒಮ್ಮೆಲೇ ಸಿಡಿಯುವುದು) ಆದ ರಾತ್ರಿ ಮನೆಯವರು ಏನು ಮಾಡುತ್ತಿದ್ದರು ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಿ. ಹಾಜರಿ ಚೀಟಿ, ಗಣಿಯ ಬಿಲ್ಲೆ, ಹಳೆಯ ಫೋಟೋಗಳಿದ್ದರೆ ಮೂಲವನ್ನು ಮನೆಯಲ್ಲೇ ಬಿಟ್ಟು ಪ್ರತಿಗಳನ್ನು ಒಯ್ಯಿರಿ. ಟ್ರೂನ್‌ನಲ್ಲಿ ನಾನು ತಾತನ ಫೋಟೋ ತೋರಿಸಿದಾಗ ಅಲ್ಲಿನ ವಯಸ್ಸಾದ ಸ್ವಯಂಸೇವಕರೊಬ್ಬರು ಹಿನ್ನೆಲೆಯಲ್ಲಿದ್ದ ಮರದ ಆಸರೆಯ ಜೋಡಣೆಯನ್ನು ಬೆರಳಿಟ್ಟು ತೋರಿಸಿ, ಯಾವ ಕಂಬದ ಮೇಲೆ ಎಷ್ಟು ಭಾರ ಬೀಳುತ್ತದೆ, ಅದು ಮುರಿಯುವ ಮುನ್ನ ಹೇಗೆ ಸದ್ದು ಮಾಡುತ್ತದೆ ಎಂದು ತಾಳ್ಮೆಯಿಂದ ವಿವರಿಸಿದರು. ತಾತನ ಕೆಲಸವನ್ನು ನನಗೆ ಅಷ್ಟು ಬಿಡಿಸಿ ಹೇಳಿದವರು ಬೇರೆ ಯಾರೂ ಇಲ್ಲ.

ಹಿಂತಿರುಗುವಾಗ ಲಂಡನ್‌ನಲ್ಲಿ ಒಂದು ದಿನ ಉಳಿಸಿಕೊಳ್ಳುವುದಾದರೆ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ದಾಖಲೆಗಳನ್ನು ನೋಡಬಹುದು. ಭಾರತದಲ್ಲಿ ನಡೆದ ಐರೋಪ್ಯರ ಮತ್ತು ಆಂಗ್ಲೋ ಇಂಡಿಯನ್ನರ ಜ್ಞಾನಸ್ನಾನ, ಮದುವೆ, ಸಮಾಧಿಗಳ ಚರ್ಚ್ ದಾಖಲೆಗಳು ಅಲ್ಲಿವೆ. ಓದುಗರ ಚೀಟಿ ಪಡೆಯಲು ಪಾಸ್‌ಪೋರ್ಟಿನ ಜೊತೆಗೆ ಮನೆ ವಿಳಾಸದ ಪುರಾವೆಯನ್ನೂ ಇಟ್ಟುಕೊಂಡಿರಬೇಕು.