ಅಬ್ದುಲ್‌ಮಲಿಕ್‌ನ ಹೆಮ್ಮೆ

ಈ ವಾರವೆಲ್ಲ ಅಬ್ದುಲ್‌ಮಲಿಕ್ ತಲೆಯಿಂದ ಇಳಿಯುತ್ತಿಲ್ಲ. ಚಿಮಮಾಂಡ ಎನ್‌ಗೋಜಿ ಅಡೀಚಿಯವರ ‘ಹಾಫ್ ಆಫ್ ಎ ಯೆಲ್ಲೊ ಸನ್’ ಕಾದಂಬರಿಯಲ್ಲಿ ಅವನಿಗೆ ಸಿಗುವುದು ಬೆರಳೆಣಿಕೆಯ ಪುಟಗಳು. ಉತ್ತರ ನೈಜೀರಿಯಾದ ಕಾನೊದಲ್ಲಿ ನೆಲೆಸಿದ, ಆಗ್ನೇಯದ ಇಗ್ಬೊ ಜನಾಂಗದ ಕುಟುಂಬವೊಂದಕ್ಕೆ ಅವನು ಹತ್ತಿರದವನು, ಉತ್ತರದ ಹೌಸಾ ಜನಾಂಗದವನು. 1966ರಲ್ಲಿ ಉತ್ತರದಲ್ಲಿ ನಡೆದ ಇಗ್ಬೊಗಳ ಹತ್ಯಾಕಾಂಡದ ದಿನ, ಕಾದಂಬರಿಯ ಮುಖ್ಯ ಪಾತ್ರ ಒಲಾನ್ನಾ ತನ್ನ ಸೋದರಮಾವನ ಮನೆ ಹುಡುಕಿಕೊಂಡು ಬಂದಾಗ, ಶವವೊಂದನ್ನು ಕಾಲಿನಿಂದ ತಳ್ಳುತ್ತಾ ನಿಂತವನು ಇವನೇ. ಇಡೀ ಸಂಸಾರವನ್ನು ಮುಗಿಸಿದೆವು, ಅಲ್ಲಾಹನ ಇಚ್ಛೆ ಎನ್ನುತ್ತಾನೆ. ಕೋಪಕ್ಕಿಂತ ಹೆಚ್ಚಾಗಿ ಆ ಮಾತಿನಲ್ಲಿರುವುದು ಕೆಲಸ ಪೂರೈಸಿದವನ ನೆಮ್ಮದಿ. ಅದನ್ನು ಮತ್ತೆ ಮತ್ತೆ ಓದಿದೆ. ಎಲ್ಲಿಯಾದರೂ ಅಳುಕು ಸಿಗಬಹುದೇ ಎಂದು ಹುಡುಕಿದೆ. ಇಲ್ಲ.

ಪುಸ್ತಕ ಕೊಟ್ಟ ಗೆಳತಿಗೆ ಇದನ್ನು ಹೇಳಿದರೆ, “ಎಲ್ಲ ಮೇಲಿನವರ ಆಟ ಕಣೇ. ಪಾಪ, ಜನ ಏನು ಮಾಡಿಯಾರು?” ಎಂದಳು. ಅವಳಿಗೆ ಯಾರನ್ನೂ ಬೈಯಲು ಬರುವುದಿಲ್ಲ. ಅದು ಒಳ್ಳೆಯತನವೋ ಯೋಚಿಸಲು ಸೋಮಾರಿತನವೋ ಎಂಬುದು ಇಷ್ಟು ವರ್ಷದಲ್ಲಿ ನನಗೆ ಬಗೆಹರಿದಿಲ್ಲ.

ಮೇಲಿನವರ ಆಟ ನಿಜವೇ. ಬ್ರಿಟಿಷರು ಉತ್ತರ, ದಕ್ಷಿಣಗಳನ್ನು 1914ರಲ್ಲಿ ಒಂದೇ ಹಗ್ಗಕ್ಕೆ ಕಟ್ಟಿದರು, ಆದರೆ ಆಳಿದ್ದು ಬೇರೆ ಬೇರೆ ರೀತಿಯಲ್ಲಿ. 1966ರ ಜನವರಿಯಲ್ಲಿ ಕ್ಷಿಪ್ರಕ್ರಾಂತಿ ನಡೆಸಿದ ಕಿರಿಯ ಸೇನಾಧಿಕಾರಿಗಳಲ್ಲಿ ಹೆಚ್ಚಿನವರು ಇಗ್ಬೊಗಳು. ಸತ್ತವರಲ್ಲಿ ಪ್ರಧಾನಿ ಬಲೇವಾ, ಉತ್ತರದ ನಾಯಕ ಅಹ್ಮದು ಬೆಲ್ಲೊ ಇದ್ದರು. ಇಡೀ ಇಗ್ಬೊ ಕುಲದ ಸಂಚಿದು ಎಂಬ ಮಾತು ಹಬ್ಬಿತು. ಜುಲೈಯಲ್ಲಿ ಪ್ರತಿಕ್ರಾಂತಿ, ಮುಂದಿನ ವರ್ಷ ಮೇ 30ರಂದು ಇಗ್ಬೊಗಳೇ ಹೆಚ್ಚಿದ್ದ ಪೂರ್ವಭಾಗ ಬಿಯಾಫ್ರಾ ಎಂಬ ಪ್ರತ್ಯೇಕ ದೇಶವೆಂದು ಘೋಷಣೆ, ನಂತರ ಯುದ್ಧ. ಹಸಿವೆಯೊಂದೇ ಲಕ್ಷಾಂತರ ಜನರನ್ನು ನುಂಗಿತು.

ಆದರೆ ಬ್ಯಾರಕ್ಕಿನಲ್ಲಿ ಕೂತು ಮೇಜರುಗಳು ಹೂಡಿದ ಸಂಚಿಗೂ ಒಲಾನ್ನಾಳ ಸೋದರಮಾವನ ಗರ್ಭಿಣಿ ಮಗಳು ಅರಿಜೆಗೂ ಏನು ಸಂಬಂಧ? ಆ ಸಂಬಂಧವನ್ನು ಯಾರೋ ಕಲ್ಪಿಸಬೇಕು, ಇನ್ನು ಯಾರೋ ಒಪ್ಪಿಕೊಳ್ಳಬೇಕು. ಕಲ್ಪಿಸಿದವರು ದೂರದಲ್ಲಿದ್ದರು. ಒಪ್ಪಿಕೊಂಡು ಹತ್ಯಾರು ಹಿಡಿದು ಬಂದವನಿಗೆ ಆ ಮನೆಯ ದಾರಿ ಗೊತ್ತಿತ್ತು.

ಗೆಳತಿ ಸುಮ್ಮನಾಗಲಿಲ್ಲ. ಒಲಾನ್ನಾಳನ್ನು ಕಾರಿನಲ್ಲಿ ಪಾರುಮಾಡುವ ಮೊಹಮ್ಮದ್ ಕೂಡ, ಇವರ ಕೈಯಲ್ಲಿ ಇದನ್ನು ಮಾಡಿಸಿದವರನ್ನು ಅಲ್ಲಾಹ್ ಕ್ಷಮಿಸುವುದಿಲ್ಲ ಎನ್ನುತ್ತಾನಲ್ಲ, ಎಂದಳು. ಒಪ್ಪಿದೆ, ಆ ಮಾತು ಪುಸ್ತಕದಲ್ಲಿದೆ. ಆದರೆ ಮೊಹಮ್ಮದನಿಗೆ ಅದೇ ಊರಿನಲ್ಲಿ, ಅದೇ ಜನರ ನಡುವೆ ಬದುಕಬೇಕಿದೆ. ತಪ್ಪನ್ನು ಎಲ್ಲೋ ಮೇಲಕ್ಕೆ ಎತ್ತಿಡದಿದ್ದರೆ ನಾಳೆ ಬೀದಿಯಲ್ಲಿ ಯಾರ ಮುಖ ನೋಡಿಯಾನು? ಆ ರಿಯಾಯಿತಿ ಅವನಿಗಿರಲಿ. ಓದುವ ನಮಗೆ ಏಕೆ ಬೇಕು? ಅವನೂ ಹೌಸಾ, ಅವನೂ ಮುಸ್ಲಿಂ. ಅವನ ಕೈಯಲ್ಲಿ ಮಾತ್ರ ಯಾರಿಗೂ ಏನನ್ನೂ ಮಾಡಿಸಲು ಆಗಲಿಲ್ಲ.

ಅಡೀಚಿ ಹುಟ್ಟಿದ್ದು 1977ರಲ್ಲಿ. ಅವರ ಇಬ್ಬರು ಅಜ್ಜಂದಿರೂ ಆ ಯುದ್ಧದ ಕಾಲದಲ್ಲೇ ತೀರಿಕೊಂಡವರು. ಆದರೂ ತನ್ನವರಾದ ಇಗ್ಬೊಗಳನ್ನು ಅವರು ಬರೀ ಬಲಿಪಶುಗಳಾಗಿ ಬಿಡುವುದಿಲ್ಲ. ಬಿಯಾಫ್ರಾದೊಳಗೇ ಅಲ್ಪಸಂಖ್ಯಾತ ಪಂಗಡಗಳ ಮೇಲೆ ದ್ರೋಹಿಗಳೆಂಬ ಗುಮಾನಿ. ನಿರಾಶ್ರಿತರ ಶಿಬಿರದಲ್ಲಿ ಚಿಕಿತ್ಸೆಗೆ ಬಂದ ವೈದ್ಯೆ ಇನ್ಯಾಂಗ್ ಇಗ್ಬೊ ಅಲ್ಲವೆಂದು ಗರ್ಭಿಣಿಯೊಬ್ಬಳು ಉಗುಳುತ್ತಾಳೆ. ಒಲಾನ್ನಾಳ ಅವಳಿ ಸೋದರಿ ಕೈನೆನೆ ಹಿಂದೆಮುಂದೆ ನೋಡದೆ ಆ ಗರ್ಭಿಣಿಯ ಕೆನ್ನೆಗೆ ಬಾರಿಸುತ್ತಾಳೆ. ಹಸಿದವಳು, ಬಸುರಿ, ನಿರಾಶ್ರಿತೆ. ಮನ್ನಿಸಲು ಕಾರಣಗಳಿಗೇನೂ ಬರವಿರಲಿಲ್ಲ.

ಗೆಳತಿಗೆ ಆ ಏಟು ತೀರಾ ಅತಿಯಾಯಿತಂತೆ. ನನಗೆ ಇಡೀ ಕಾದಂಬರಿಯಲ್ಲಿ ಕೈನೆನೆ ಅತ್ಯಂತ ಇಷ್ಟವಾದದ್ದೇ ಅಲ್ಲಿ.